ಹರಿಯದ ಲೈಸೆನ್ಸ್

ಸ್ವರ್ಣಲತಾ ಆಸ್ಟ್ರೇಲಿಯಾವನ್ನು ನೋಡಿದವಳಲ್ಲ. ನೋಡಬೇಕೆಂಬ ಆಸೆಯೂ ಅವಳಿಗೆ ವಿಶೇಷವಾಗಿ ಇರಲಿಲ್ಲ. ಕಾಪುವಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಿ.ಎಡ್. ಮುಗಿಸಿ, ಮದುವೆಯಾಗಿ ದುಬೈಗೆ ಬಂದವಳು. ಕರಾಮದ ಫ್ಲ್ಯಾಟಿನಿಂದ ಅಲ್ ಬರ್ಷಾದ ಶಾಲೆಗೆ ಮೆಟ್ರೋ ಹತ್ತಿ ಹೋಗಿ ಬರುವುದರಲ್ಲೇ ಅವಳ ವಿಶ್ವಪರ್ಯಟನೆ ಮುಗಿದುಹೋಗುತ್ತಿತ್ತು. ಆ ಶಾಲೆಯದ್ದು ಆಸ್ಟ್ರೇಲಿಯಾದ ಸಿಲಬಸ್. ಮಕ್ಕಳಲ್ಲಿ ಮಾತ್ರ ಮುಕ್ಕಾಲು ಪಾಲು ಮಂದಿ ಕೊಚ್ಚಿ, ಕರಾಚಿ, ಮಂಗಳೂರು, ಮನಿಲಾ ಕಡೆಯವರು. ಕಾಂಗರೂವನ್ನು ಅವರೂ ಚಿತ್ರದಲ್ಲೇ ಕಂಡವರು.

ಏಳು ವರ್ಷ ಸ್ವರ್ಣಲತಾ ಅಲ್ಲಿ ಅಸಿಸ್ಟೆಂಟ್ ಟೀಚರ್ ಆಗಿದ್ದಳು. ಹೆಸರಿಗೆ ಟೀಚರ್, ಕೆಲಸವೆಲ್ಲ ಕತ್ತರಿ ಮತ್ತು ಗೋಂದಿನದು. ಚಾರ್ಟು ಕತ್ತರಿಸುವುದು, ಗೋಡೆಗೆ ಅಂಟಿಸುವುದು, ಎಲ್ಲಕ್ಕಿಂತ ಹೆಚ್ಚಾಗಿ ಲ್ಯಾಮಿನೇಶನ್ ಮಾಡುವುದು. ಸ್ಟಾಫ್ ರೂಮಿನ ಮೂಲೆಯಲ್ಲಿದ್ದ ಆ ಲ್ಯಾಮಿನೇಶನ್ ಮಷಿನ್ ಬೇರೆ ಯಾರು ಮುಟ್ಟಿದರೂ ಕಾಗದ ನುಂಗಿ ಮುಖ ಊದಿಸಿಕೊಂಡು ಕೂರುತ್ತಿತ್ತು. ಇವಳು ಹೋದರೆ ಮಾತ್ರ ಹೇಳಿದ ಹಾಗೆ ಕೇಳುತ್ತಿತ್ತು. ಬೇರೆಯವರಿಗೆ ಇದು ತಮಾಷೆ, ಸ್ವರ್ಣಲತಾಳಿಗೆ ಒಳಗೊಳಗೇ ಸಂಕಟ. ಕಲಿತ ವಿದ್ಯೆಗೆಲ್ಲ ಕೊನೆಗೆ ದಕ್ಕಿದ್ದು ಒಂದು ಮಷಿನಿನ ಪ್ರೀತಿಯೇ ಎಂದು ಅವಳಿಗೆ ಎಷ್ಟೋ ಸಲ ಅನಿಸಿತ್ತು.

ಹೀಗಿರುವಾಗ ಐದನೇ ತರಗತಿಯ ಟೀಚರ್ ಒಂದು ಸೋಮವಾರ ರಾಜೀನಾಮೆ ಕೊಟ್ಟು ಪರ್ತ್‌ಗೆ ಹೊರಟುಹೋದಳು. ಬದಲಿ ಸಿಗುವ ತನಕ ಎಂದು ತರಗತಿಯನ್ನು ಸ್ವರ್ಣಲತಾಳಿಗೆ ಒಪ್ಪಿಸಿದರು. ಎರಡು ತಿಂಗಳು ಚೆನ್ನಾಗಿಯೇ ನಡೆಯಿತು. ಅಷ್ಟರಲ್ಲಿ ಪೋಷಕರೊಬ್ಬರ ಇಮೇಲ್ ಬಂತು. ಆಸ್ಟ್ರೇಲಿಯಾದ ನೆಲದ ಮೇಲೆ ಕಾಲಿಡದವರು ಅದರ ಇತಿಹಾಸ ಕಲಿಸುವುದು ಹೇಗೆ ಎಂದು ಅದರಲ್ಲಿ ಬಹಳ ವಿನಯದಿಂದ ಕೇಳಿದ್ದರು. ಪ್ರೈಮರಿ ವಿಭಾಗದ ಮುಖ್ಯಸ್ಥೆ ಸುಸನ್ ಆ ಪತ್ರವನ್ನು ಮುಚ್ಚಿಡದೆ ಸ್ವರ್ಣಲತಾಳಿಗೇ ತೋರಿಸಿದಳು. ಮಂಗಳವಾರ ಇತಿಹಾಸದ ಪೀರಿಯಡ್‌ಗೆ ತಾನೇ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ, ಪಾಠ ಹಿಡಿಸಿದರೆ ತರಗತಿ ಕಾಯಂ ಆಗಿ ನಿನ್ನದು, ಇಲ್ಲದಿದ್ದರೆ ಮತ್ತೆ ಅಸಿಸ್ಟೆಂಟ್ ಎಂದು ನೇರವಾಗಿ ಹೇಳಿದಳು. ಸುಸನ್ ನೇರ ಮಾತಿನ ಹೆಂಗಸು. ಪಾಠದ ವಿಷಯ ಬೇರೆ ಎಡವಟ್ಟಿನದಾಗಿತ್ತು. ಬ್ಯಾಲರಾಟ್ ಎಂಬ ಊರಿನ ಚಿನ್ನದ ಗಣಿಗಾರರು 1854ರಲ್ಲಿ ಸರ್ಕಾರದ ವಿರುದ್ಧ ದಂಗೆ ಎದ್ದ ಕತೆ ಅದು, ಸುಸನ್ ಹುಟ್ಟಿ ಬೆಳೆದದ್ದು ಆ ಊರಿಗೆ ಒಂದು ತಾಸಿನ ದೂರದಲ್ಲಿ.

ಭಾನುವಾರ ಬೆಳಿಗ್ಗೆಯೇ ಕರಾಮದ ಮನೆಯಲ್ಲಿ ತಯಾರಿ ಶುರುವಾಯಿತು. ಗಂಡ ರಂಜಿತ್ ಊಟದ ಮೇಜನ್ನು ಬಿಟ್ಟುಕೊಟ್ಟು ಲ್ಯಾಪ್‌ಟಾಪ್ ಹಿಡಿದು ಕೋಣೆ ಸೇರಿದ. ಸಹಾಯಕ್ಕೆ ಕೂತವರು ಸ್ವರ್ಣಲತಾಳ ಅಪ್ಪ ಕೊರಗಪ್ಪ. ವಿಸಿಟ್ ವೀಸಾದಲ್ಲಿ ಮೂರು ತಿಂಗಳಿಗೆಂದು ಬಂದಿದ್ದ ಅವರಿಗೆ ಈ ದೇಶ ಹೊಸದಲ್ಲ. ಅಬುಧಾಬಿಯ ಮುಸಾಫಾದ ವರ್ಕ್‌ಶಾಪೊಂದರಲ್ಲಿ ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿದವರು. ಅಪ್ಪ-ಮಗಳು ಆಡುವುದು ತುಳುವಿನಲ್ಲಿ. ಓದುವವರಿಗಾಗಿ ಇಲ್ಲಿ ಅದನ್ನು ಕರಾವಳಿಯ ಕನ್ನಡಕ್ಕೆ ಇಳಿಸಿದೆ, ಅಷ್ಟೆ.

ಕತೆಯನ್ನು ಅವಳು ಅಪ್ಪನಿಗೆ ಸರಳವಾಗಿ ಹೇಳಿದಳು. ಚಿನ್ನ ಅಗೆಯಲು ದೇಶವಿದೇಶದಿಂದ ಜನ ಬಂದರು. ಚಿನ್ನ ಸಿಗಲಿ ಬಿಡಲಿ, ಪ್ರತಿಯೊಬ್ಬನೂ ಸರ್ಕಾರದ ಲೈಸೆನ್ಸ್ ಕೊಂಡು ಸದಾ ಕಿಸೆಯಲ್ಲಿ ಇಟ್ಟುಕೊಳ್ಳಬೇಕು. ಪೊಲೀಸರು ಕುದುರೆ ಮೇಲೆ ಬಂದು ತಪಾಸಣೆ ಮಾಡುವರು. ಇಲ್ಲದವನನ್ನು ಹಿಡಿದು ಮರಕ್ಕೆ ಸರಪಳಿಯಲ್ಲಿ ಕಟ್ಟಿಹಾಕಿದ್ದೂ ಉಂಟು. ಕೊನೆಗೆ ಜನ ರೋಸಿಹೋಗಿ, ಒಂದು ದಿನ ಎಲ್ಲರೂ ಸೇರಿ ಲೈಸೆನ್ಸುಗಳನ್ನು ಬೆಂಕಿಗೆ ಹಾಕಿದರು.

ಅಲ್ಲಿಯ ತನಕ ತಲೆಯಾಡಿಸುತ್ತ ಕೇಳಿದ ಕೊರಗಪ್ಪ ಬೆಂಕಿ ಎಂದದ್ದೇ ಕತ್ತರಿ ಕೆಳಗಿಟ್ಟರು.

"ಕಾಗದ ಸುಟ್ಟರಾ? ಅವರಿಗೆ ಎಂತ ಮರ್ಲಾ?"

ಮರ್ಲು ಎಂದರೆ ಹುಚ್ಚು. ತರಗತಿಯಲ್ಲಿ ನಿಜವಾಗಿ ಸುಡುವುದಿಲ್ಲ, ಮಕ್ಕಳು ಹರಿದು ಕೆಂಪು ಪೆಟ್ಟಿಗೆಗೆ ಹಾಕುತ್ತಾರೆ, ಅದೇ ಬೆಂಕಿ ಎಂದು ಅವಳು ಸಮಾಧಾನ ಹೇಳಿದಳು. ಅವರ ಮುಖ ಸಡಿಲಾಗಲಿಲ್ಲ. ಆದರೂ ಕೆಲಸ ಬಿಡಲಿಲ್ಲ. ಲೈಸೆನ್ಸಿನ ನಮೂನೆಯನ್ನು ಕೊರಗಪ್ಪನವರ ಹೆಸರಿನಲ್ಲೇ ಮಾಡಿದರು: ಮೇಲೆ ಅವರ ಪಾಸ್‌ಪೋರ್ಟ್ ಫೋಟೋ, ಕೆಳಗೆ 'ಕೊರಗಪ್ಪ, ಗಣಿಗಾರ, ಬ್ಯಾಲರಾಟ್', ನಂಬರ್, ಅವಧಿ ಮುಗಿಯುವ ತಾರೀಕು. ತಾರೀಕು ಸ್ವಲ್ಪ ದೊಡ್ಡದಾಗಿ ಕಾಣಬೇಕು, ಅದನ್ನೇ ಎಲ್ಲರೂ ಮೊದಲು ನೋಡುವುದು ಎಂದವರು ಅವರೇ. ಅಂಥವೇ ಇಪ್ಪತ್ತಾರು ಲೈಸೆನ್ಸುಗಳು ಮಕ್ಕಳ ಫೋಟೋಗಳೊಂದಿಗೆ ಮಧ್ಯಾಹ್ನದ ಹೊತ್ತಿಗೆ ತಯಾರಾದವು. ನೀಲಿ ಬಟ್ಟೆಗೆ ಬಿಳಿ ನಕ್ಷತ್ರ ಹೊಲಿದು ಗಣಿಗಾರರ ಬಾವುಟವನ್ನೂ ಮಾಡಿದರು. ಎಲ್ಲ ಮುಗಿದ ಮೇಲೆ ಕೊರಗಪ್ಪ ಒಂದು ಕಾರ್ಡನ್ನು ಎತ್ತಿ ಬೆಳಕಿಗೆ ಹಿಡಿದು, ಇಷ್ಟು ಚಂದ ಮಾಡಿ ಹಾಗೆಯೇ ಬಿಡುವುದು ಬೇಡ, ನಾಳೆ ಶಾಲೆಯಲ್ಲಿ ಲ್ಯಾಮಿನೇಟ್ ಮಾಡಿಸು ಎಂದರು. ಅದು ಅವರ ಹಳೆಯ ಚಟ. ಊರಿನ ಮನೆಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಮೊಮ್ಮಕ್ಕಳ ಲಸಿಕೆಯ ಚೀಟಿಯ ತನಕ ಪ್ಲಾಸ್ಟಿಕ್ ಹೊದೆಯದ ಕಾಗದವೇ ಇಲ್ಲ. ಸ್ವರ್ಣಲತಾ ಹೂಂ ಎಂದಳು. ಸೋಮವಾರ ಬೆಳಿಗ್ಗೆ ಏಳು ವರ್ಷದ ಅಭ್ಯಾಸಬಲದಿಂದ, ಬೇರೇನನ್ನೋ ಯೋಚಿಸುತ್ತ, ಇಪ್ಪತ್ತಾರನ್ನೂ ಆ ಮಷಿನಿಗೆ ಉಣಿಸಿದಳು. ಮನೆಯಲ್ಲೇ ಉಳಿದ ಅಪ್ಪನ ನಮೂನೆ ಮಾತ್ರ ಬರೀ ಕಾಗದವಾಗಿ ಅವಳ ಡೈರಿಯಲ್ಲಿತ್ತು.

ಮಂಗಳವಾರ ಸುಸನ್ ಹಿಂದಿನ ಬೆಂಚಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಳು. ಪಾಠದ ಯೋಜನೆಯನ್ನು ಸ್ವರ್ಣಲತಾ ನಿಮಿಷ ನಿಮಿಷಕ್ಕೆ ಬರೆದಿಟ್ಟಿದ್ದಳು. ಹತ್ತು ನಲವತ್ತಕ್ಕೆ ಲೈಸೆನ್ಸ್ ತಪಾಸಣೆ, ಹತ್ತು ಐವತ್ತಕ್ಕೆ ಶುಲ್ಕ ಏರಿಕೆಯ ಘೋಷಣೆ, ಹನ್ನೊಂದಕ್ಕೆ ಜನರ ಸಿಟ್ಟು, ಹನ್ನೊಂದೂ ಹತ್ತಕ್ಕೆ ದಂಗೆ. ನಾಲ್ವರು ಮಕ್ಕಳು ಪೊಲೀಸರು, ಉಳಿದ ಇಪ್ಪತ್ತೆರಡು ಮಂದಿ ಗಣಿಗಾರರು. ಗಣಿಗಾರರ ನಾಯಕಿ ಜಾನಿಸ್, ತರಗತಿಯಲ್ಲೇ ಜೋರು ಗಂಟಲಿನ ಹುಡುಗಿ.

ಮೊದಲ ಹತ್ತು ನಿಮಿಷ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯಿತು. ಪೊಲೀಸರು ಬಂದರು, ಇಪ್ಪತ್ತೆರಡು ಕೈಗಳು ಇಪ್ಪತ್ತೆರಡು ಕಾರ್ಡುಗಳನ್ನು ಥಟ್ಟನೆ ಎತ್ತಿ ಹಿಡಿದವು. ಒಬ್ಬರೂ ಬ್ಯಾಗ್ ತಡಕಾಡಲಿಲ್ಲ. ಸ್ವರ್ಣಲತಾ ಗತ್ತಿನಿಂದ ಶುಲ್ಕ ಏರಿಕೆಯನ್ನು ಘೋಷಿಸಿದಳು: ಹಳೆಯ ಲೈಸೆನ್ಸುಗಳೆಲ್ಲ ರದ್ದು, ಹೊಸದಕ್ಕೆ ಎರಡು ಪಾಲು ಹಣ. ಇನ್ನು ಗಲಾಟೆ ಎದ್ದೀತೆಂದು ಕಾದಳು.

ಮೆಹರುನ್ನಿಸ ಎಂಬ ಹುಡುಗಿ ಕೈಯೆತ್ತಿ, ಹೊಸದು ಮಾಡಿಸಲು ಗ್ರೇಸ್ ಪೀರಿಯಡ್ ಎಷ್ಟು ದಿನ ಎಂದು ಕೇಳಿದಳು.

ಇಲ್ಲ, ಒಂದು ದಿನವೂ ಇಲ್ಲ ಎಂದಳು ಸ್ವರ್ಣಲತಾ, ಇನ್ನಷ್ಟು ಕಟುವಾಗಿ. ಸಿಟ್ಟು ಬರಲಿ ಎಂದೇ ಹಾಗೆ ಹೇಳಿದ್ದು. ಆದರೆ ಮಕ್ಕಳಲ್ಲಿ ಬಂದದ್ದು ಸಿಟ್ಟಲ್ಲ, ಅವಸರ. ಡ್ಯಾರಲ್ ಎಂಬ ಚುರುಕು ಹುಡುಗ ಕಿಟಕಿಯ ಪಕ್ಕದ ಮೇಜನ್ನು ಎಳೆದು 'ಟೈಪಿಂಗ್ ಸೆಂಟರ್' ಎಂದು ಬೋರ್ಡು ಬರೆದು ನಿಲ್ಲಿಸಿಯೇಬಿಟ್ಟ. ದುಬೈಯಲ್ಲಿ ವೀಸಾ, ಐಡಿ ಎಂದು ಯಾವ ಅರ್ಜಿ ಇದ್ದರೂ ಜನ ಮೊದಲು ಓಡುವುದು ಟೈಪಿಂಗ್ ಸೆಂಟರಿಗೆ. ಅವನ ಅಪ್ಪನೂ ಅಂಥದೊಂದರಲ್ಲಿ ಕೆಲಸಕ್ಕಿದ್ದ. ಅಂಟುಚೀಟಿಗಳನ್ನು ಹರಿದು ಟೋಕನ್ ಹಂಚಿದ್ದಾಯಿತು. ಎರಡು ಸಾಲು ನಿಂತಿತು, ಹೆಂಗಸರಿಗೆ ಬೇರೆ. ಹಿಡಿಯಲು ಅಪರಾಧಿಗಳೇ ಇಲ್ಲದೆ ಬೇಸತ್ತ ಪೊಲೀಸರಲ್ಲೊಬ್ಬ ತನ್ನದನ್ನೂ ನವೀಕರಿಸಿಬಿಡೋಣ ಎಂದು ಸಾಲಿನ ಕೊನೆಗೆ ಸೇರಿಕೊಂಡ. ಗಂಟೆ ಹನ್ನೊಂದೂ ಐದು. ಬ್ಯಾಲರಾಟಿನ ಮಹಾದಂಗೆ ಟೋಕನ್ ನಂಬರ್ ಹನ್ನೆರಡರಲ್ಲಿ ನಿಂತಿತ್ತು.

ಸ್ವರ್ಣಲತಾ ಸಾಲಿನ ಪಕ್ಕದಲ್ಲಿ ಓಡಾಡುತ್ತ ಒಗ್ಗರಣೆ ಹಾಕಿದಳು. ಚಿನ್ನವೇ ಸಿಕ್ಕಿಲ್ಲ, ಕುಡಿಯುವ ನೀರು ಕೆಸರು, ದಿನಕ್ಕೆ ಎರಡೆರಡು ಸಲ ತಪಾಸಣೆ, ಆದರೂ ನಿಮಗೆ ಏನೂ ಅನ್ನಿಸುವುದಿಲ್ಲವೇ? ಅನ್ನಿಸುತ್ತದೆ, ಆ್ಯಪಿನಲ್ಲಿ ದೂರು ಹಾಕಬಹುದಲ್ಲ ಎಂದ ಡ್ಯಾರಲ್, ತಲೆಯೆತ್ತದೆ. ಅವಳು ಜಾನಿಸ್‌ಳ ಬಳಿ ಹೋಗಿ ಕಿವಿಯಲ್ಲಿ ಮಾತು ನೆನಪಿಸಿದಳು. ಜಾನಿಸ್ ಸ್ಟೂಲ್ ಹತ್ತಿ, ನೀಲಿ ಬಾವುಟ ಬೀಸಿ, ಬಾಯಿಪಾಠ ಮಾಡಿದ್ದನ್ನು ಗಟ್ಟಿಯಾಗಿ ಒಪ್ಪಿಸಿದಳು: ಗೆಳೆಯರೇ, ಸಾಕು, ನಿಮ್ಮ ಲೈಸೆನ್ಸುಗಳನ್ನು ಹರಿದುಹಾಕಿ.

ಟೀಚರ್ ಹೇಳಿಕೊಟ್ಟ ಮಾತು ಎಂದು ಗೊತ್ತಾಗಿ ಡ್ಯಾರಲ್ ಎಲ್ಲರಿಗಿಂತ ಮೊದಲು ತನ್ನ ಕಾರ್ಡು ಹಿಡಿದು ಎಳೆದ. ಹರಿಯಲಿಲ್ಲ. ಮಡಚಿ ಎಳೆದ. ಹರಿಯಲಿಲ್ಲ. ಹಲ್ಲು ಹಾಕಿ ಕಚ್ಚಿದ. ಆಗ ಸ್ವರ್ಣಲತಾಳಿಗೆ ಹೊಳೆಯಿತು. ದಂಗೆಯ ಇಪ್ಪತ್ತಾರು ಕಾರ್ಡುಗಳನ್ನು ತಾನೇ, ತನ್ನ ಕೈಯಾರೆ, ಎರಡು ಕಡೆಗೂ ಪ್ಲಾಸ್ಟಿಕ್ ಹಾಕಿ, ಅಂಚು ಒತ್ತಿ ಭದ್ರ ಮಾಡಿ ತಂದಿದ್ದಳು. ಮಕ್ಕಳು ನಗತೊಡಗಿದರು. ಹಿಂದಿನ ಬೆಂಚಿನಿಂದ ಕೀಬೋರ್ಡಿನ ಸದ್ದು ಟಕಟಕ ಕೇಳುತ್ತಿತ್ತು. ಮುಗಿಯಿತು, ನಾಳೆಯಿಂದ ಮತ್ತೆ ಕತ್ತರಿ ಎಂದುಕೊಂಡಳು ಅವಳು.

ಹರಿಯದಿದ್ದರೆ ಬೇಡ, ಹಾಗೆಯೇ ಪೆಟ್ಟಿಗೆಗೆ ಹಾಕಿ ಎಂದಳು. ಯಾರೂ ಹಾಕಲಿಲ್ಲ. ನಗು ನಿಂತಿತು. ಮಕ್ಕಳು ಕಾರ್ಡುಗಳನ್ನು ಹಿಡಿದುಕೊಂಡು ಪೆಟ್ಟಿಗೆಯನ್ನೂ ಒಬ್ಬರ ಮುಖವನ್ನೊಬ್ಬರೂ ನೋಡಿದರು.

"ಮ್ಯಾಮ್, ಇದನ್ನು ಹಾಕಿಬಿಟ್ಟು, ನಾಳೆ ಅವರು ಚೆಕಿಂಗಿಗೆ ಬಂದರೆ?" ಎಂದಳು ಮೆಹರುನ್ನಿಸ.

ಅವಳು ಆಟ ಆಡುತ್ತಿರಲಿಲ್ಲ. ಆ ಮುಖ ನೋಡಿ ಸ್ವರ್ಣಲತಾ ತನ್ನ ಯೋಜನೆಯ ಹಾಳೆಯನ್ನು ಮೇಜಿನ ಮೇಲೆ ಕವುಚಿಹಾಕಿದಳು. ಜಾನಿಸ್‌ಳನ್ನು ಇಳಿಸಿ ಸ್ಟೂಲಿನಲ್ಲಿ ತಾನೇ ಕೂತು, ಎಲ್ಲರನ್ನೂ ನೆಲದ ಮೇಲೆ ಸುತ್ತ ಕೂರಿಸಿಕೊಂಡಳು. ಯಾಕೆ ಹಾಕುವುದಿಲ್ಲ, ಹೇಳಿ ಎಂದಳು.

ಒಬ್ಬೊಬ್ಬರೇ ಹೇಳಿದರು. ಒಬ್ಬಳ ಮನೆಯಲ್ಲಿ ಐದು ಪಾಸ್‌ಪೋರ್ಟುಗಳು ಅಮ್ಮನ ಚಿನ್ನದ ಡಬ್ಬಿಯಲ್ಲೇ ಇರುತ್ತವೆ, ಚಿನ್ನದ ಕೆಳಗೆ. ಒಬ್ಬನ ಅಪ್ಪ ಐಡಿ ಮರೆತು ಅಬುಧಾಬಿಯ ಅರ್ಧ ದಾರಿಯಿಂದ ಕಾರು ತಿರುಗಿಸಿಕೊಂಡು ಬಂದಿದ್ದರು. ಮೆಹರುನ್ನಿಸಳ ಜೀವದ ಗೆಳತಿಯ ಅಪ್ಪನಿಗೆ ಕೆಲಸದ ಜೊತೆ ವೀಸಾವೂ ಹೋದಾಗ ಆ ಮನೆಯವರು ದೇಶ ಬಿಡಬೇಕಾದ ತಾರೀಕಿಗೆ ಕ್ಯಾಲೆಂಡರಿನಲ್ಲಿ ದಿನ ಹೊಡೆದು ಹಾಕುತ್ತ ಕೂತಿದ್ದರು, ಕೊನೆಯ ದಿನಕ್ಕೆ ಎರಡು ದಿನ ಮೊದಲು ಬೇರೆ ಕೆಲಸ ಸಿಕ್ಕಿತು, ಆವತ್ತು ಇಡೀ ಕಟ್ಟಡಕ್ಕೆ ಬಿರಿಯಾನಿ. ಇದನ್ನೆಲ್ಲ ಹತ್ತು ವರ್ಷದ ಮಕ್ಕಳು ಬಸ್ಸಿನ ಟೈಮ್ ಹೇಳುವಷ್ಟು ಸಲೀಸಾಗಿ ಹೇಳಿದರು. ಸ್ವರ್ಣಲತಾಳಿಗೆ ಅವರ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಸುಸನ್ ಇದ್ದಾಳೆಂಬುದು ಮರೆತೇಹೋಯಿತು.

"ಹಾಗಾದರೆ ಈ ಕಾಗದ ಎಂದರೆ ಏನು ಎಂದು ನಿಮಗೆ ಚೆನ್ನಾಗಿ ಗೊತ್ತುಂಟು," ಎಂದಳು. "ಅವರಿಗೂ ಗೊತ್ತಿತ್ತು. ಅವರೂ ದೂರದಿಂದ ಬಂದವರು. ಇದೊಂದೇ ಕಾಗದ ಅವರಲ್ಲಿ ಇದ್ದದ್ದು. ಅದನ್ನು ಬೆಂಕಿಗೆ ಹಾಕುವಾಗ ಕೈ ನಡುಗಿರಲಿಕ್ಕಿಲ್ಲವಾ? ಅಷ್ಟು ಬೆಲೆಯ ವಸ್ತುವನ್ನು ಸುಡಬೇಕಾದರೆ ಒಳಗೆ ಎಷ್ಟು ಉರಿದಿರಬೇಕು, ನೀವೇ ಹೇಳಿ."

ಇಪ್ಪತ್ತಾರು ಮಕ್ಕಳು ತಂತಮ್ಮ ಫೋಟೋ ಇದ್ದ ಕಾರ್ಡನ್ನು ತಿರುಗಿಸಿ ನೋಡಿದರು. ಕೊನೆಗೆ ಜಾನಿಸ್ ಮೆಲ್ಲನೆ ಕೈಯೆತ್ತಿದಳು.

"ಮ್ಯಾಮ್, ಸುಡುವ ಮೊದಲು ಅವರು ಫೋಟೋಕಾಪಿ ಮಾಡಿಸಿಕೊಂಡಿದ್ದರಾ?"

ಇಲ್ಲ, ಆಗ ಆ ಮಷಿನ್ ಇರಲಿಲ್ಲ ಎಂದಳು ಸ್ವರ್ಣಲತಾ. ಅಯ್ಯೋ ಪಾಪ ಎಂಬ ಉದ್ಗಾರ ಇಡೀ ತರಗತಿಯಿಂದ ಒಟ್ಟಿಗೆ ಹೊರಟಿತು.

ಮುಂದಿನದನ್ನು ಅವಳು ಏರುದನಿಯಿಲ್ಲದೆ ಹೇಳಿದಳು. ಲೈಸೆನ್ಸ್ ಸುಟ್ಟ ಕೆಲವೇ ದಿನಗಳಲ್ಲಿ, ಬೆಳಕು ಹರಿಯುವ ಮೊದಲೇ ಸೈನಿಕರು ಬಂದದ್ದು, ಅರ್ಧ ತಾಸಿನೊಳಗೆ ಎಲ್ಲ ಮುಗಿದದ್ದು, ಇಪ್ಪತ್ತಕ್ಕೂ ಹೆಚ್ಚು ಗಣಿಗಾರರು ಸತ್ತದ್ದು. ಆಮೇಲೆ ಕೋರ್ಟು ವಿಚಾರಣೆಗೆ ನಿಂತವರನ್ನು ಬಿಟ್ಟುಬಿಟ್ಟದ್ದು, ಆ ಲೈಸೆನ್ಸೇ ರದ್ದಾಗಿ ವರ್ಷಕ್ಕೊಂದು ಹಗುರ ಶುಲ್ಕದ ಹಕ್ಕುಪತ್ರ ಬಂದದ್ದು, ಅದರ ಜೊತೆ ಮತ ಹಾಕುವ ಹಕ್ಕೂ ಬಂದದ್ದು. ಆ ನೆಲದ ಮೂಲದ ಜನರಿಂದ ಈ ಗಣಿಗಾರರು ಲೈಸೆನ್ಸ್ ತೆಗೆದುಕೊಂಡಿದ್ದರಾ ಎಂದು ಮೆಹರುನ್ನಿಸ ಕೇಳಿದಳು. ಇಲ್ಲ, ಅವರನ್ನು ಯಾರೂ ಕೇಳಿರಲಿಲ್ಲ, ಅದು ಮುಂದಿನ ವಾರದ ಪಾಠ ಎಂದಳು ಸ್ವರ್ಣಲತಾ. ಡ್ಯಾರಲ್ ಎದ್ದು, ಹಲ್ಲಿನ ಗುರುತಿದ್ದ ತನ್ನ ಕಾರ್ಡನ್ನು ಕೆಂಪು ಪೆಟ್ಟಿಗೆಯೊಳಗೆ ಇಟ್ಟು ಬಂದ. ಎಸೆಯಲಿಲ್ಲ, ಇಟ್ಟ. ಇನ್ನೂ ಹತ್ತು ಮಂದಿ ಹಾಗೆಯೇ ಮಾಡಿದರು. ಉಳಿದವರು ಹಾಕಲಿಲ್ಲ. ಅವಳು ಒತ್ತಾಯಿಸಲಿಲ್ಲ, ಅಂದು ಬ್ಯಾಲರಾಟಿನಲ್ಲೂ ಎಲ್ಲರೂ ಸುಟ್ಟಿರಲಿಲ್ಲ ಎಂದಳು.

ಗಂಟೆ ಬಾರಿಸಿ ಮಕ್ಕಳು ಹೊರಗೆ ಹೋದ ಮೇಲೆ ಸುಸನ್ ಪೆಟ್ಟಿಗೆಯ ಹತ್ತಿರ ಬಂದು ಡ್ಯಾರಲ್‌ನ ಕಾರ್ಡನ್ನು ತೆಗೆದಳು. ತಾನೂ ಎಳೆದು ನೋಡಿದಳು. ಸ್ವರ್ಣಲತಾ ತಪ್ಪೊಪ್ಪಿಕೊಳ್ಳಲು ಬಾಯಿ ತೆರೆಯುವಷ್ಟರಲ್ಲಿ ಸುಸನ್ ಮಾತಾಡಿದಳು. ನಮ್ಮ ಊರಿನಲ್ಲಿ ಇಪ್ಪತ್ತು ವರ್ಷ ಇದೇ ಪಾಠ ಮಾಡಿದ್ದೇನೆ. ಪ್ರತಿ ವರ್ಷವೂ ಮಕ್ಕಳು ಅರ್ಧ ನಿಮಿಷದಲ್ಲಿ ಲೈಸೆನ್ಸು ಚೂರುಚೂರು ಮಾಡಿ ಕೇಕೆ ಹಾಕುತ್ತಿದ್ದರು, ನಾನು ಕಸ ಗುಡಿಸುತ್ತಿದ್ದೆ, ಪಾಠ ಮುಗಿಯುತ್ತಿತ್ತು.

"ನಾಳೆ ಚೆಕಿಂಗಿಗೆ ಬಂದರೆ ಏನು ಮಾಡುವುದು ಎಂದು ಇಪ್ಪತ್ತು ವರ್ಷದಲ್ಲಿ ಒಂದು ಮಗುವೂ ಕೇಳಲಿಲ್ಲ," ಎಂದಳು. "ನನಗೂ ಹೊಳೆಯಲಿಲ್ಲ. ಆ ಪೋಷಕರಿಗೆ ನಾನು ಉತ್ತರ ಬರೆಯುತ್ತೇನೆ. ತರಗತಿ ನಿನ್ನದು."

ಕಾರ್ಡನ್ನು ತಾನೇ ಇಟ್ಟುಕೊಳ್ಳಬಹುದೇ ಎಂದು ಕೇಳಿ ತೆಗೆದುಕೊಂಡು ಹೋದಳು. ಬಾಗಿಲ ತನಕ ಹೋದವಳು ತಿರುಗಿ, ಎಚ್‌ಆರ್‌ನವರು ಪಾಸ್‌ಪೋರ್ಟ್ ಕಾಪಿ, ವೀಸಾ ಕಾಪಿ, ಬಿಳಿ ಹಿನ್ನೆಲೆಯ ಫೋಟೋ ಎಲ್ಲ ಮತ್ತೊಮ್ಮೆ ಕೇಳುತ್ತಾರೆ, ಬೇಸರಿಸಬೇಡ ಎಂದಳು. ಸ್ವರ್ಣಲತಾಳಿಗೆ ಬೇಸರವೇ? ಏಳು ಸೆಟ್ ಅವಳ ಬ್ಯಾಗಿನಲ್ಲೇ ಇದ್ದವು.

ಸಂಜೆ ಕರಾಮದ ಮನೆಯ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಅವಳು ಅಪ್ಪನಿಗೆ ಎಲ್ಲವನ್ನೂ ಅಭಿನಯಿಸಿ ತೋರಿಸಿದಳು. ಟೈಪಿಂಗ್ ಸೆಂಟರಿನ ಹತ್ತಿರ ಬಂದಾಗ ಕೊರಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೋಕಾಪಿಯ ಪ್ರಶ್ನೆಗೆ ಮಾತ್ರ ನಗಲಿಲ್ಲ. ಆ ಹುಡುಗಿ ಕೇಳಿದ್ದು ಸರಿಯುಂಟು ಎಂದರು. ಲ್ಯಾಮಿನೇಶನ್ನಿನಿಂದ ನಾನು ಮುಳುಗಿಯೇ ಹೋಗಿದ್ದೆ, ಎಲ್ಲ ನಿಮ್ಮಿಂದ, ಅದೇನು ನಿಮಗೆ ಆ ಪ್ಲಾಸ್ಟಿಕ್ಕಿನ ಹುಚ್ಚು ಎಂದು ಅವಳು ಹುಸಿಮುನಿಸಿನಿಂದ ಕೇಳಿದಳು.

ಕೊರಗಪ್ಪ ಅಂಗಿಯ ಕಿಸೆಯಿಂದ ಪರ್ಸು ತೆಗೆದು, ಅದರ ಒಳಮಡಿಕೆಯಿಂದ ಒಂದು ಹಳೆಯ ಕಾರ್ಡನ್ನು ಹೊರತೆಗೆದರು. ಅದು ಅವರ ಮೊದಲ ಲೇಬರ್ ಕಾರ್ಡು, ಇಲ್ಲಿ ದುಡಿಯಲು ಸರ್ಕಾರ ಕೊಡುವ ಪರವಾನಗಿ. ಗಲ್ಫಿನಲ್ಲಿ ದುಡಿದ ಹಳಬರೆಲ್ಲ ಕರೆಯುವ ಹಾಗೆ ಅವರೂ ಅದನ್ನು ಬತಾಕ ಎನ್ನುತ್ತಿದ್ದರು. ಮೂಲೆ ಹಳದಿಯಾಗಿದ್ದ ಪ್ಲಾಸ್ಟಿಕ್ಕಿನೊಳಗೆ ದಪ್ಪ ಮೀಸೆಯ ಯುವಕನೊಬ್ಬ ಗಾಬರಿಯಿಂದ ನೋಡುತ್ತಿದ್ದ.

"ನೀನು ಹುಟ್ಟಿದ್ದು ಹೇಳಿ ಟೆಲಿಗ್ರಾಂ ಬಂತಲ್ಲ, ಆವತ್ತು ರಜೆ ಕೇಳಿದೆ," ಎಂದರು. "ಬದಲಿ ಜನ ಇಲ್ಲ, ರಜೆ ಮಾಫಿ, ಇಲ್ಲವೇ ಇಲ್ಲ ಹೇಳಿದ ಫೋರ್‌ಮನ್. ಇನ್ನು ಎರಡು ವರ್ಷ ಇಲ್ಲ. ರೂಮಿಗೆ ಬಂದೆ. ಖಲಾಸ್, ಸಾಕು ಈ ಕೆಲಸ ಹೇಳಿ ಈ ಬತಾಕ ಎರಡು ಕೈಯಲ್ಲಿ ಹಿಡ್ಕೊಂಡು ಎಳ್ದೆ, ಮಗಾ. ಎಷ್ಟು ಎಳ್ದೆ ಗೊತ್ತುಂಟಾ? ಹರಿಲೇ ಇಲ್ಲ. ಲ್ಯಾಮಿನೇಶನ್ ಅಲ್ವಾ. ಎಳ್ದು ಎಳ್ದು ಸುಸ್ತಾಗಿ ಮಲಗಿದೆ. ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋದೆ."

ಕಾರ್ಡಿನ ನಡುವೆ ಮಡಿಕೆ ಬಿದ್ದ ಬಿಳಿ ಗೆರೆ ಇನ್ನೂ ಇತ್ತು. ಸ್ವರ್ಣಲತಾ ಅದರ ಮೇಲೆ ಬೆರಳಾಡಿಸಿದಳು. ಅದೊಂದು ತೆಳು ಪ್ಲಾಸ್ಟಿಕ್ ಇಲ್ಲದೆ ಹೋಗಿದ್ದರೆ ತನಗೆ ಓದೂ ಇರುತ್ತಿರಲಿಲ್ಲ, ಬಿ.ಎಡ್ಡೂ ಇರುತ್ತಿರಲಿಲ್ಲ, ಇವತ್ತು ದಕ್ಕಿದ ತರಗತಿಯೂ ಇರುತ್ತಿರಲಿಲ್ಲ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಲ್ಯಾಮಿನೇಟ್ ಮಾಡಿಸಿ ಎಂದು, ಅಂದರು ಕೊರಗಪ್ಪ, ಏನೋ ಮನೆವಾರ್ತೆಯ ಮಾತು ಆಡುವವರಂತೆ.

ಅವಳು ಒಳಗೆ ಹೋಗಿ ಡೈರಿಯಲ್ಲಿದ್ದ ನಮೂನೆಯನ್ನು ತಂದು ಅಪ್ಪನ ಕೈಗಿಟ್ಟಳು. 'ಕೊರಗಪ್ಪ, ಗಣಿಗಾರ, ಬ್ಯಾಲರಾಟ್.' ಬರೀ ಕಾಗದ.

"ಇದು ಹರಿತದೆ ಪಪ್ಪಾ. ಹರಿದುಬಿಡಿ."

ಅವರು ನಂಬದವರಂತೆ ಮಗಳ ಮುಖ ನೋಡಿದರು. ತಾರೀಕು ನೋಡಿದರು, ತಮ್ಮ ಫೋಟೋ ನೋಡಿದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎರಡು ಕೈಗಳಿಂದ ಹಿಡಿದು, ಒಂದೇ ಎಳೆತಕ್ಕೆ ಪರ್ರನೆ ಹರಿದರು. ಸದ್ದಿಗೆ ಕೋಣೆಯೊಳಗಿದ್ದ ರಂಜಿತ್ ಏನಾಯಿತೆಂದು ಇಣುಕಿದ. ಕೊರಗಪ್ಪನವರ ಮುಖದಲ್ಲಿ ನಗು ಹರಡಿತು. ಬಾಲ್ಕನಿಯಿಂದ ಬಾಲ್ಕನಿಗೆ ಕೇಳುವಷ್ಟು ಜೋರಾಗಿ ನಕ್ಕರು, ಸ್ವರ್ಣಲತಾಳೂ ನಕ್ಕಳು.

ನಗು ನಿಂತ ಮೇಲೆ ಅವರು ಎರಡು ತುಂಡುಗಳನ್ನೂ ಮೊಣಕಾಲ ಮೇಲೆ ಇಟ್ಟು, ಅಂಚಿಗೆ ಅಂಚು ಜೋಡಿಸಿ ನೋಡಿದರು.

"ಮನೆಯಲ್ಲಿ ಗಮ್ ಉಂಟಾ?" ಎಂದು ಕೇಳಿದರು.